ಜೊಂಡಿನ ಮೂಲೆ

ಮರಿಗಳು ನೀರಿಗಿಳಿಯುವವರೆಗಾದರೂ ಈ ಸುಳ್ಳು ನಿಂತೀತೇ? ಬುತ್ತಿ ಬಿಚ್ಚಿಟ್ಟುಕೊಂಡರೂ ಓಬಳೇಶನಿಗೆ ತುತ್ತು ಇಳಿಯಲಿಲ್ಲ.

ಹೊಂಡಕ್ಕೆ ಮಣ್ಣು ತುಂಬಿ ನಿವೇಶನ ಮಾಡುವ ಜೆಸಿಬಿಯ ಚಾಲಕ ಅವನು. ಊಟದ ಬಿಡುವಿನಲ್ಲಿ ದಿನವೂ ಅವನು ನೋಡುತ್ತ ಕೂರುತ್ತಿದ್ದುದು ಜೊಂಡಿನ ಮೂಲೆಯಲ್ಲಿ ಮೊಟ್ಟೆಗೆ ಕಾವು ಕೊಡುತ್ತಿದ್ದ ನೀರುಕೋಳಿಯನ್ನು. ಈಗ ತುಂಬಲು ಉಳಿದಿದ್ದುದು ಆ ಮೂಲೆಯೊಂದೇ.

"ಗಾಡಿ ಕೈಕೊಟ್ಟೈತೆ ಸಾರ್, ಪೈಪು ಒಡೆದೈತೆ," ಎಂದು ಬೆಳಿಗ್ಗೆ ಮೇಸ್ತ್ರಿಗೆ ಹೇಳಿದ್ದ.

"ಇವತ್ತು ಮುಗೀಲಿಲ್ಲಾಂದ್ರೆ ನಾಳೆಯಿಂದ ನೀನು ಬರೋದೇ ಬೇಡ," ಎಂದಿದ್ದ ಮೇಸ್ತ್ರಿ.

ಊಟ ಮಾಡದೆಯೇ ಬುತ್ತಿ ಕಟ್ಟಿಕೊಂಡು, ಪೈಪು ತರುವ ನೆಪದಲ್ಲಿ ಪೇಟೆಗೆ ಹೋದ ಓಬಳೇಶ ಬೇಕೆಂದೇ ಹೊತ್ತು ಕಳೆದು ಸಂಜೆ ಬಂದ. ಪಕ್ಕದ ಸೈಟಿನಲ್ಲಿ ಜೆಸಿಬಿ ಓಡಿಸುವ ಗೆಳೆಯ ನಜೀರ ಎದುರಾಗಿ ನಕ್ಕ.

"ಓಬಳೇಶಣ್ಣ, ನಾನಿರೋವಾಗ ನಿನ್ ಕೆಲ್ಸ ಹೋಗೋಕೆ ಬಿಡ್ತೀನಾ? ಮಧ್ಯಾಹ್ನ ಊಟಾನೂ ಬಿಟ್ಟು ನನ್ ಗಾಡಿ ತಂದು ಆ ಮೂಲೆ ಮುಚ್ಚಿದೆ. ಮೇಸ್ತ್ರಿ ಬಾಯೂ ಮುಚ್ತು!"

ಹಸಿ ಮಣ್ಣಿನ ಮೇಲೆ ನೀರುಕೋಳಿ ಅತ್ತಿಂದಿತ್ತ ಓಡಾಡುತ್ತಿತ್ತು.

ಓಬಳೇಶ ಮುಟ್ಟದೆ ಉಳಿಸಿದ್ದ ಬುತ್ತಿಯನ್ನು ನಜೀರನ ಕೈಗಿತ್ತ. ಪೈಪು ಒಡೆದಿರಲಿಲ್ಲ ಎಂಬುದನ್ನು ಮಾತ್ರ ಅವನಿಗೆ ಎಂದೂ ಹೇಳಲಿಲ್ಲ.