ಕಡಲಾಚೆಗೆಂದು ಒಣಗಿಸಿದ ರೊಟ್ಟಿ

"ಅವರ ಪಾರ್ಟಿನೇ ಗೆದ್ದದ ಅಮ್ಮಿ," ಎಂದು ರಜೆಗೆ ಬಂದಿದ್ದ ನೂರೀನ ಮೊಬೈಲನ್ನು ಮಗುಚಿಟ್ಟಾಗ, ರೊಟ್ಟಿ ಬಡಿಯುತ್ತಿದ್ದ ಖಾಸೀಂಬಿಯ ಕೈ ಹಿಟ್ಟಿನ ಮೇಲೆಯೇ ನಿಂತಿತು. ಮಗಳು ಆರು ವರ್ಷದಿಂದ ಪಾಠ ಹೇಳುತ್ತಿದ್ದ ದ್ವೀಪದೇಶದ ಅಧ್ಯಕ್ಷ, ಹೊರದೇಶದ ಶಿಕ್ಷಕರನ್ನೆಲ್ಲ ಕಳಿಸಿಬಿಡಲು ಹೊರಟಾಗ ತಡೆದದ್ದು ಅಲ್ಲಿನ ಸಂಸತ್ತೊಂದೇ. ಈಗ ಸಂಸತ್ತೂ ಅವನದಾಗಿತ್ತು.

"ಓಟಿನಾಗ ನೂರು ಮಾತಾಡ್ತಾರ ಬೇ. ಮುಗದಮ್ಯಾಲ ಮರೀತಾರ," ಎಂದಳು ಖಾಸೀಂಬಿ.

"ಸಾಲಿಯಿಂದ ಮೆಸೇಜ್ ಬಂದದ. ಬರಬ್ಯಾಡ್ರಿ ಅಂದಾರ."

ಬುಟ್ಟಿಯಲ್ಲಿ ಅರವತ್ತು ಖಡಕ್ ರೊಟ್ಟಿಗಳು ಪಯಣಕ್ಕೆಂದು ಒಣಗಿ ಕೂತಿದ್ದವು. "ಅಲ್ಲಿ ಹುಡುಗರು ಹಪ್ಪಳ ಅಂತ ಮುರಕೊಂಡು ತಿಂತಾವ," ಎಂದು ನೂರೀನ ನಿನ್ನೆಯಷ್ಟೇ ನಕ್ಕಿದ್ದಳು. ಈ ಸಲ ಮಗಳು ಅಫಜಲಪುರದಲ್ಲೇ ಉಳಿಯಲೆಂದು ತಾನು ಪ್ರತಿ ನಮಾಜಿನಲ್ಲೂ ಬೇಡಿಕೊಂಡದ್ದನ್ನು ಖಾಸೀಂಬಿ ಯಾರಿಗೂ ಹೇಳಿರಲಿಲ್ಲ.

ನೂರೀನ ಎದ್ದು ತಂಬಿಗೆ ತಂದಳು. ಬುಟ್ಟಿಯ ಮುಂದೆ ಕುಳಿತು ಒಂದೊಂದೇ ರೊಟ್ಟಿಗೆ ನೀರು ಚಿಮುಕಿಸತೊಡಗಿದಳು. "ಮೆತ್ತಗಾಗಲಿ ಅಮ್ಮಿ. ಇಲ್ಲೇ ಉಣ್ಣೂಣು." ನೀರು ತಾಗಿದ ರೊಟ್ಟಿ ಇನ್ನು ದೂರದ ದಾರಿಗೆ ಬಾರದು. ಬೇಡಿದ್ದು ಕೈಗೂಡಿದ ತಾಯಿ, ಮಗಳತ್ತ ಕಣ್ಣೆತ್ತಲಾರದೆ, ಆಗಲೇ ಬಡಿದಾಗಿದ್ದ ರೊಟ್ಟಿಯನ್ನೇ ಮತ್ತೆ ಬಡಿಯತೊಡಗಿದಳು.