ಎತ್ತಿಕೊಟ್ಟ ಮಾತು

"ಇವತ್ತು ಯಾವ ತಾರೀಖು?" ಎಂದು ಸರ್ಕಾರಿ ಆರೈಕೆ ವಿಮೆಯ ಕಡೆಯಿಂದ ಪರೀಕ್ಷೆಗೆ ಬಂದಿದ್ದ ಶ್ರೀಮತಿ ಕುಬಿಟ್ಸ್ ಕೇಳಿದಾಗ, ಆನ್ನೆರೋಸ ಕೇಕು ಕತ್ತರಿಸುವುದನ್ನು ನಿಲ್ಲಿಸಿ ಅವಳನ್ನು ಕನಿಕರದಿಂದ ನೋಡಿದಳು.

"ತಾರೀಖು ಗೊತ್ತುಮಾಡಿ ಪತ್ರ ಬರೆದೋಳು ನೀನು. ಈಗ ನನ್ನ ಕೇಳ್ತೀಯಲ್ಲಮ್ಮ."

"ಆದ್ರೂ ನೀವೇ ಹೇಳಿ," ಎಂದು ಕುಬಿಟ್ಸ್ ನಕ್ಕಳು.

ಆನ್ನೆರೋಸ ಸುಮ್ಮನಾದಳು. ಮೂರು ಸೆಕೆಂಡು ಕಳೆಯಿತು, ನಾಲ್ಕು ಕಳೆಯಿತು. "ಮಾರ್ಚ್ ಒಂಬತ್ತು. ಗುರುವಾರ," ಎಂದಳು ಆಮೇಲೆ, ಗತ್ತಿನಿಂದ.

ಪಕ್ಕದಲ್ಲಿದ್ದ ಗಂಡ ಎಗೋನ್ ವೆಂಡ್ಲರ್‌ ತುಟಿ ಕಚ್ಚಿಕೊಂಡ. ಉತ್ತರ ಅವನು ಪಿಸುಗುಟ್ಟಿದ್ದು. ಊರಿನ ನಾಟಕಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ವೇದಿಕೆಯ ಮುಂದಿನ ಗುಂಡಿಯೊಳಗೆ ಕೂತು ನಟರಿಗೆ ಮರೆತ ಮಾತು ಎತ್ತಿಕೊಟ್ಟವನು ಅವನು. ಮೂರು ಸೆಕೆಂಡಿನವರೆಗೆ ನಟ ಯೋಚಿಸುತ್ತಿದ್ದಾನೆ ಎಂದು ಜನ ನಂಬುತ್ತಾರೆ. ಐದಾದರೆ ಗುಟ್ಟು ರಟ್ಟು. ಆದ್ದರಿಂದ ನಾಲ್ಕನೆಯದರಲ್ಲಿ, ತುಟಿ ಅಲ್ಲಾಡಿಸದೆ, ಬೇಕಾದ ಒಂದೇ ಕಿವಿಗೆ ಮಾತು ತಲುಪಿಸಬೇಕು. ಆ ಕಾಲದಲ್ಲಿ ವೇದಿಕೆಯ ಮೇಲೆ ಹೆಚ್ಚಾಗಿ ಇರುತ್ತಿದ್ದ ಕಿವಿ ನಟಿಯಾಗಿದ್ದ ಆನ್ನೆರೋಸಳದೇ. ಈಗಲೂ ಅವನ ಗಂಟಲು ಅವನನ್ನು ಕೇಳದೆ ತನ್ನ ಕೆಲಸ ಮುಗಿಸಿಬಿಟ್ಟಿತ್ತು.

ಆದರೆ ಇವತ್ತು ಉತ್ತರ ಸರಿಯಾಗಬಾರದಿತ್ತು. ಎರಡು ವರ್ಷದ ಹಿಂದೆ ಬಂದ ಅಧಿಕಾರಿ ಸ್ನಾನಕ್ಕೆ, ಊಟಕ್ಕೆ, ಬಟ್ಟೆಗೆ ಇನ್ನೊಬ್ಬರ ಕೈ ಎಷ್ಟು ನಿಮಿಷ ಬೇಕು ಎಂದು ಅಳೆದಿದ್ದ. ಆನ್ನೆರೋಸ ತನ್ನ ಅಂಗಿಯ ಗುಂಡಿಯನ್ನೂ ಹಾಕಿಕೊಂಡಳು, ಬಿಚ್ಚಿದ್ದ ಆ ಅಧಿಕಾರಿಯ ಗುಂಡಿಯನ್ನೂ ಹಾಕಿದಳು. ನಿಮಿಷ ಸಾಲದು ಎಂದು ಸರ್ಕಾರ ಅರ್ಜಿ ತಳ್ಳಿಹಾಕಿತು. ಸರ್ಕಾರ ಒಪ್ಪದಿದ್ದರೆ ತಾನೂ ಒಪ್ಪುವುದಿಲ್ಲ ಎಂದು, ಇಪ್ಪತ್ತು ವರ್ಷ ಕಂತು ಕಟ್ಟಿಸಿಕೊಂಡ ಖಾಸಗಿ ವಿಮೆಯೂ ಕೈ ಕಟ್ಟಿ ಕೂತಿತು. ಈ ಜನವರಿಯಿಂದ ಕಾನೂನು ಬದಲಾಗಿದೆ. ನಿಮಿಷ ಹೋಗಿ ಅಂಕ ಬಂದಿದೆ, ಆನ್ನೆರೋಸಳಂಥವರ ಮರೆವಿಗೂ ಅಂಕವಿದೆ. ಇಪ್ಪತ್ತೇಳು ಅಂಕ ಬಂದರೆ ಎರಡನೇ ದರ್ಜೆ, ಎರಡನೇ ದರ್ಜೆ ಸಿಕ್ಕರೆ ಖಾಸಗಿ ವಿಮೆಯ ಬಾಗಿಲೂ ತೆರೆಯುತ್ತದೆ. ಆಗ ಆ ಹಣದಲ್ಲಿ ಮೂರು ವಾರ ಆನ್ನೆರೋಸಳ ಜೊತೆ ಯಾರನ್ನಾದರೂ ಬಿಟ್ಟು, ಎರಡು ಸಲ ಮುಂದೂಡಿದ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಗೆ ಎಗೋನ್ ಹೋಗಬಹುದು. ಹೊಸ ನಿಯಮದ ಪುಸ್ತಿಕೆಯನ್ನು ಮೂರು ಸಲ ಓದಿದ ಮೇಲೆ ಅವನು ತನಗೆ ಹಾಕಿಕೊಂಡದ್ದು ಒಂದೇ ಕಟ್ಟಳೆ: ಬಾಯಿ ಮುಚ್ಚಿಕೊಂಡಿರಬೇಕು.

"ಬೆಳಿಗ್ಗೆ ಏನು ತಿಂದ್ರಿ?"

"ದಪ್ಪಗಾಗಿದೀನಿ ಅಂತ ನನಗೂ ಗೊತ್ತು. ಹಾಗೆಲ್ಲ ಕೇಳಬಾರದು," ಎಂದು ಆನ್ನೆರೋಸ ಒಂದು ಕ್ಷಣ ತಡೆದಳು. "ಬ್ರೆಡ್ಡು. ಪ್ಲಮ್ ಹಣ್ಣಿನ ಜಾಮು."

"ವೆಂಡ್ಲರ್ ಅವರೇ," ಎಂದಳು ಕುಬಿಟ್ಸ್, ಕಾಗದದಿಂದ ತಲೆ ಎತ್ತದೆ. "ಸ್ವಲ್ಪ ಹೊತ್ತು ಅಡುಗೆಮನೇಲಿ ಇರ್ತೀರಾ?"

ಎಗೋನ್ ಕುಂಟುತ್ತ ಎದ್ದುಹೋದ. ಅಪಾಯ ಬೇಡವೆಂದು ತಣ್ಣಗಾದ ಕಾಫಿಯನ್ನು ಬಾಯಿ ತುಂಬ ಹಾಕಿಕೊಂಡು ನಿಂತ. ಮಕ್ಕಳೆಷ್ಟು ಎಂಬ ಪ್ರಶ್ನೆ ಬಾಗಿಲಾಚೆಯಿಂದ ಕೇಳಿಸಿತು. ಆಮೇಲೆ ಮೌನ. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಕಾಫಿ ಅರ್ಧ ಗಂಟಲಿಗೆ, ಅರ್ಧ ಅಂಗಿಗೆ ಇಳಿಯಿತು, ಮಾತು ಹೊರಗೆ ಬಂತು.

"ಇಬ್ಬರು," ಎಂದಳು ಆನ್ನೆರೋಸ. "ಜಿಮೋನ, ಯೆನ್ಸ್."

ಅರ್ಧ ಗಂಟೆಯ ನಂತರ ಕುಬಿಟ್ಸ್ ಕರೆದಾಗ ಎಗೋನ್ ಅಂಗಿಯ ಮೇಲಿನ ಕಾಫಿ ಒರೆಸಿಕೊಳ್ಳುತ್ತ ಬಂದ. ಕಾಗದದ ಅಂಚಿನಲ್ಲಿ ಪೆನ್ಸಿಲಿನ ಗೀಟುಗಳು ಸಾಲಾಗಿದ್ದವು.

"ಇವು ನೀವು ಹೇಳಿಕೊಟ್ಟದ್ದು. ಹನ್ನೊಂದು."

"ಹನ್ನೊಂದಾ? ಏಳಿರಬೇಕು ಅಂತಿದ್ದೆ," ಎಂದ ಎಗೋನ್ ಕುಗ್ಗಿ. "ಬೇಕಂತ ಮಾಡಿದ್ದಲ್ಲ. ಹಾಳು ಅಭ್ಯಾಸ. ಎಲ್ಲಾ ಇನ್ನೊಂದು ಸಲ ಕೇಳಿ, ನಾನು ಕೆಳಗೆ ಬೀದೀಲಿ ನಿಂತಿರ್ತೀನಿ."

"ಈ ಚಳೀಲಿ ಯಾಕೆ ನಿಲ್ತೀರಿ? ಹಳೇ ಲೆಕ್ಕದಲ್ಲಿ ಇದಕ್ಕೆ ಜಾಗ ಇರಲಿಲ್ಲ. ಕೈಯಿಂದ ಮಾಡಿದ್ದಷ್ಟೇ ಸಹಾಯ. ಈಗ ಒಬ್ರು ಹೇಳಿಕೊಟ್ರೆ ಮಾತ್ರ ಇನ್ನೊಬ್ರಿಗೆ ಆಗುತ್ತೆ ಅಂದ್ರೆ, ಅದೂ ಆರೈಕೇನೇ. ನೀವು ಸುಮ್ಮನೆ ಕೂತಿದ್ದಿದ್ರೆ ನನಗೆ ಇಷ್ಟು ಸ್ಪಷ್ಟವಾಗಿ ಗೊತ್ತಾಗ್ತಿರಲಿಲ್ಲ."

ಎಗೋನ್ ಕುರ್ಚಿ ಹುಡುಕಿ ಕೂತ. "ಹಾಗಾದ್ರೆ ಎರಡನೇ ದರ್ಜೆ..."

"ಪತ್ರ ಬರುತ್ತೆ. ನನ್ನ ಬಾಯಿಂದ ಹೇಳಿಸಬೇಡಿ." ಅವಳು ಪೆನ್ಸಿಲು ಒಳಗಿಟ್ಟಳು. "ಆಸ್ಪತ್ರೆಯೋರಿಗೆ ಒಂದು ಫೋನು ಮಾಡಿಟ್ಟಿರಿ. ಅಂದ ಹಾಗೆ, ದಿನಕ್ಕೆ ಎಷ್ಟು ಸಲ ಹೀಗೆ ಹೇಳಿಕೊಡ್ತೀರಿ?"

ಎಗೋನ್ ಬೆರಳು ಮಡಿಸಿ ಎಣಿಸಲು ಹೊರಟು ಕೈಬಿಟ್ಟ. ಉಸಿರು ದಿನಕ್ಕೆಷ್ಟು ಎಂದು ಕೇಳಿದ್ದರೂ ಅವನು ಇಷ್ಟೇ ತಬ್ಬಿಬ್ಬಾಗುತ್ತಿದ್ದ. ಕುಬಿಟ್ಸ್ ಆನ್ನೆರೋಸಳ ಕಡೆ ತಿರುಗಿದಳು. "ನೀವೇ ಹೇಳಿ. ಇವರು ನಿಮಗೆ ದಿನಾ ಸಹಾಯ ಮಾಡ್ತಾರಾ?"

ಎಗೋನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಆನ್ನೆರೋಸ ಕುಬಿಟ್ಸಳ ತಟ್ಟೆಗೆ ಇನ್ನೊಂದು ತುಂಡು ಕೇಕು ಹಾಕಿದಳು. ಈ ಉತ್ತರಕ್ಕೆ ಅವಳಿಗೆ ಒಂದು ಸೆಕೆಂಡೂ ಬೇಕಾಗಲಿಲ್ಲ.

"ಸಹಾಯ ಏನು ಬಂತು. ಐವತ್ತು ವರ್ಷದಿಂದ ನನ್ನ ಮಾತನ್ನ ನನಗಿಂತ ಮುಂಚೆ ಇವನೇ ಆಡಿಬಿಡ್ತಾನೆ. ನೆಮ್ಮದಿಯಾಗಿ ಏನಾದ್ರೂ ಒಂದು ಮರೆಯೋಣ ಅಂದ್ರೆ, ಬಿಟ್ರೆ ತಾನೆ."