ನಾಗನ ಹೆಬ್ಬೆಟ್ಟು

ಜಿಲ್ಲೆಯಿಂದ ದೊಡ್ಡ ಸಾಹೇಬರು ಬಂದು ಹೊಸಿಲು ದಾಟಿದಾಗ ನೋಂದಣಿ ಕಚೇರಿಯೆಲ್ಲ ಎದ್ದು ನಿಂತಿತು. ಕಾರಕೂನ ಕೃಷ್ಣಾನಂದ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸುಕ್ರಿ ಅದನ್ನು ನೋಡಿ ಹಲ್ಲು ಕಡಿದಳು. ಎಷ್ಟು ಸೊಕ್ಕು ಇವನಿಗೆ. ಇವತ್ತು ಇಳಿಯುತ್ತದೆ ಎಂದುಕೊಂಡಳು.

ಇವನು ಅವಳನ್ನು ಅಲೆಸಿದ್ದು ಸ್ವಲ್ಪವೇ? ತದಡಿ ಹತ್ತಿರದ ಊರಿನಿಂದ ಬಿಸಿಲಲ್ಲಿ ನಡೆದು ಬರುವುದು, "ಒಡ್ಯಾ, ಅಪ್ಪನ ಹೆಬ್ಬೆಟ್ಟು ಸಿಕ್ತಾ?" ಎಂದು ಕೇಳುವುದು, "ಸಿಕ್ಕಿಲ್ಲ, ಮತ್ತೆ ನೋಡುವಾ" ಎನ್ನಿಸಿಕೊಂಡು ತಿರುಗಿ ಹೋಗುವುದು. ಚೌತಿಯ ಹೊತ್ತಿಗೆ ಶುರುವಾದದ್ದು ಶಿವರಾತ್ರಿ ಬಂದರೂ ಮುಗಿದಿರಲಿಲ್ಲ.

ಗಂಡ ಸತ್ತ ಮೇಲೆ ಸುಕ್ರಿ ತವರಿಗೆ ಬಂದು, ಅಪ್ಪ ನಾಗನನ್ನು ಕೊನೆಯವರೆಗೂ ನೋಡಿಕೊಂಡು, ಅವನ ಮನೆ ಹಿತ್ತಿಲಲ್ಲೇ ಉಳಿದಿದ್ದಳು. ಅವಳಿಗೆ ಬೇರೆ ಸೂರಿರಲಿಲ್ಲ. ಈಗ ಪಕ್ಕದ ತೋಟದ ಹರಿಹರ ಹೆಗಡೆ, "ಹಿತ್ತಿಲು ನಮ್ಮದು, ನಿಂದಾದ್ರೆ ಪತ್ರ ತೋರ್ಸು" ಎಂದು ಪಟ್ಟು ಹಿಡಿದಿದ್ದ. ಅವನ ಅಪ್ಪ ದೊಡ್ಡ ಹೆಗಡೇರು ಇದ್ದಾಗ ಇಂಥ ಮಾತು ಬಂದಿರಲಿಲ್ಲ. ವರ್ಷಕ್ಕೊಮ್ಮೆ ನಾಗ ಒಂದು ಹೊರೆ ತೆಂಗಿನಕಾಯಿ ಅವರ ಅಂಗಳಕ್ಕೆ ಹಾಕಿ ಬರುತ್ತಿದ್ದ, ಅವರು ಎಲೆಯಡಿಕೆ ಕೊಟ್ಟು ಕಳಿಸುತ್ತಿದ್ದರು.

ಪತ್ರವಿದೆ ಎಂಬುದರಲ್ಲಿ ಸುಕ್ರಿಗೆ ಅನುಮಾನವಿರಲಿಲ್ಲ. ಅವಳ ಮದುವೆಯ ವರ್ಷ ನಾಗ ಪೇಟೆಗೆ ಹೋಗಿ ಬಂದಾಗ ಹೆಬ್ಬೆರಳ ತುಂಬ ಮಸಿಯಿತ್ತು. "ಕಚೇರೀಲಿ ಹೆಬ್ಬೆಟ್ಟು ಒತ್ತಿ ಬಂದೆ. ಇನ್ನು ಯಾರಿಗೂ ಅಳ್ಸೂಕೆ ಆಗೂದಿಲ್ಲ," ಎಂದವನು ಆ ರಾತ್ರಿ ಉಂಡಿರಲಿಲ್ಲ. ಮಗಳು ಮನೆ ಬಿಟ್ಟು ಹೋಗುವ ಸಂಕಟ ಎಂದುಕೊಂಡಿದ್ದಳು. ಅದಿರಲಿ. ಸರ್ಕಾರದ ಪುಸ್ತಕದಲ್ಲಿ ಅಪ್ಪನ ಹೆಬ್ಬೆಟ್ಟಿದ್ದ ಮೇಲೆ ಹಿತ್ತಿಲು ಯಾರದೆಂದು ಕೇಳುವುದೇನು?

ಮೊದಲ ದಿನ ಕೃಷ್ಣಾನಂದ ನಗುನಗುತ್ತಲೇ ದಫ್ತರದ ಕೋಣೆಗೆ ಹೋಗಿದ್ದ. ಹೊರಬಂದಾಗ ಕೈಯೆಲ್ಲ ಧೂಳು, ಮುಖದಲ್ಲಿ ನಗುವಿಲ್ಲ.

"ಹೆಗಡೇರ ಹತ್ರ ಪತ್ರ ಎಂತಾದ್ರೂ ಇದ್ಯಾ?" ಎಂದು ಕೇಳಿದ.

"ಅವ್ರ ಕಾಗ್ದ ಎಲ್ಲ ಹೋದ ವರ್ಷದ ನೆರೆಗೆ ಹೋತು ಒಡ್ಯಾ, ಪೆಟ್ಟಿಗೆ ಸಮೇತ."

ಅವನು ಕೈಯ ಧೂಳು ಕೊಡವಿಕೊಂಡ. "ನಿನ್ನ ಅಪ್ಪಂದು ಸಿಕ್ಕಿಲ್ಲ. ಪತ್ರ ತೋರ್ಸು ಅಂದವ್ರು ಮೊದ್ಲು ತಮ್ದು ತೋರ್ಸ್ಲಿ. ನೀ ಮನೇಲಿ ಬಾಯಿ ಮುಚ್ಕಂಡಿರು."

ಬಾಯಿ ಮುಚ್ಚಿಕೊಂಡಿರುವುದು ಸುಕ್ರಿಯ ಹಣೆಯಲ್ಲಿ ಬರೆದಿರಲಿಲ್ಲ. ಬೆಳಿಗ್ಗೆ ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ತದಡಿಯ ಬಂದರಕ್ಕೂ ಮುಟ್ಟುತ್ತಿತ್ತು. ಕಾರಕೂನ ಹೀಗಂದ ಎಂದು ಅವಳು ಹೇಳದ ಮನೆಯಿರಲಿಲ್ಲ.

ಮತ್ತೊಂದು ದಿನ ಹಿತ್ತಿಲ ಮೊಗೆಕಾಯಿ ತಂದು ಮೇಜಿನ ಮೇಲಿಟ್ಟಳು. ಕೃಷ್ಣಾನಂದ ಮುಟ್ಟಲಿಲ್ಲ, ಕೂತಲ್ಲಿಂದ ಅಲುಗಲೂ ಇಲ್ಲ. ಮುಂಬಯಿ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದರೂ ಅವನ ಕುರ್ಚಿಯ ಹರಿದ ಬೆತ್ತ ರಿಪೇರಿಯಾಗಿರಲಿಲ್ಲ. ಮೇಲೊಂದು ಬಟ್ಟೆಯ ಗಂಟು ಇಟ್ಟುಕೊಂಡು ಕೂರುತ್ತಿದ್ದ. "ತಕಂಡು ಹೋಗು. ಸಾರು ಮಾಡ್ಕಂಡು ಉಣ್ಣು," ಎಂದ. ಸುಕ್ರಿಗೆ ಅಳು ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ.

ಕಚೇರಿಯ ಜಗಲಿಯಲ್ಲಿ ಅರ್ಜಿ ಬರೆಯುವ ಕಮಲಾಕರ ಎಲ್ಲ ನೋಡುತ್ತಿದ್ದ. "ಇಂವಗೆ ಮೊಗೆಕಾಯಿ ಎಲ್ಲಿ ಸಾಲ್ತದೆ? ಹೆಗಡೇರು ಬಂದು ಹೋಗ್ತಾ ಇದ್ರು, ನೋಡಿಲ್ವಾ?" ಎಂದ. ಸುಕ್ರಿಯೂ ಒಮ್ಮೆ ನೋಡಿದ್ದಳು. ಹರಿಹರ ಹೆಗಡೆ ಮುಖ ಊದಿಸಿಕೊಂಡು ಮೆಟ್ಟಿಲಿಳಿದು ಹೋಗಿದ್ದ. ದುಡ್ಡು ಬಿಚ್ಚಿ ಬಂದವರ ಮುಖ ಹಾಗೇ ಇರುತ್ತದೆ ಎಂದು ಕಮಲಾಕರ ವಿವರಿಸಿದ. ದೊಡ್ಡ ಸಾಹೇಬರಿಗೆ ಅರ್ಜಿ ಬರೆದುಕೊಟ್ಟವನೂ ಅವನೇ.

ಸಾಹೇಬರು ಬರುವ ಸುದ್ದಿ ಸಿಕ್ಕಿದ ದಿನವೇ ಸುಕ್ರಿ ಹೆಗಡೆಯ ಅಂಗಳಕ್ಕೆ ಹೋಗಿ, "ನೀವೂ ಬಂದು ಕಣ್ಣಾರೆ ನೋಡಿ" ಎಂದು ಕರೆದು ಬಂದಿದ್ದಳು. ಅವನೂ ಬಂದಿದ್ದ. ಗೋಡೆಗೊರಗಿ ನಿಂತಿದ್ದ.

ಸಾಹೇಬರು ಅರ್ಜಿ ಓದಿ, ಅವಳ ಮದುವೆಯ ವರ್ಷದ ಪುಸ್ತಕ ತರಲು ಪಟ್ಟೇವಾಲನನ್ನು ಒಳಗೆ ಕಳಿಸಿದರು. ಸಾಲಿನಲ್ಲಿ ಅದೊಂದೇ ಇಲ್ಲ ಎಂದು ಅವನು ಬರಿಗೈಲಿ ಬಂದ. ಸಾಹೇಬರ ಕಣ್ಣು ಕೃಷ್ಣಾನಂದನ ಮೇಲೆ ನಿಂತಿತು.

"ನೀವು ಯಾಕೆ ಎದ್ದಿಲ್ಲ?"

"ಕುರ್ಚಿಯ ಬೆತ್ತ ಹರಿದಿದೆ, ಸಾಹೇಬರೆ."

"ಏಳಿ."

ಕೃಷ್ಣಾನಂದ ಎದ್ದ. ಪಟ್ಟೇವಾಲ ಕುರ್ಚಿಯ ಮೇಲಿನ ಗಂಟು ಬಿಚ್ಚಿದ. ಒಳಗೆ ಅದೇ ಪುಸ್ತಕ.

ಸುಕ್ರಿಯ ಮೈ ಉರಿದುಹೋಯಿತು. ತನ್ನ ಅಪ್ಪನ ಹೆಬ್ಬೆಟ್ಟಿನ ಮೇಲೆ ಇವನು ಇಷ್ಟು ದಿನ ಕುಂಡೆ ಊರಿ ಕೂತಿದ್ದ. "ನಾ ಸುಳ್ಳು ಹೇಳಿದ್ನಾ ಸಾಹೇಬ್ರೆ? ನೋಡಿ ಇಲ್ಲಿ," ಎಂದಳು.

"ಓದುವುದಾದರೆ ಜನ ಹೊರಗೆ ಹೋಗಲಿ, ಸಾಹೇಬರೆ," ಎಂದ ಕೃಷ್ಣಾನಂದ. ಅವನು ಸುಕ್ರಿಯನ್ನೇ ನೋಡುತ್ತಿದ್ದ.

"ಎಂತಕೆ ಹೊರಗೆ? ಎಲ್ರೂ ಕೇಳ್ಲಿ. ಹೆಗಡೇರೆ, ನೀವೂ ಹತ್ರ ಬನ್ನಿ."

ಸಾಹೇಬರು ಪುಟ ಹುಡುಕಿ ಗಟ್ಟಿಯಾಗಿ ಓದಿದರು. "ನಾಗ ಬಿನ್ ಕುಪ್ಪ ಎಂಬ ನಾನು, ಮಗಳು ಸುಕ್ರಿಯ ಮದುವೆಯ ಖರ್ಚಿಗಾಗಿ, ನನ್ನ ಮನೆ ಹಿತ್ತಿಲನ್ನು ಪಕ್ಕದ ತೋಟದ ಹೆಗಡೆಯವರಿಗೆ ಖಾಯಂ ಕ್ರಯಕ್ಕೆ ಕೊಟ್ಟು..." ಅಲ್ಲಿಗೆ ಅವರ ದನಿ ಇಳಿಯಿತು. ಕನ್ನಡಕ ತೆಗೆದರು.

"ನಿನ್ನ ಅಪ್ಪ ಹೆಬ್ಬೆಟ್ಟು ಒತ್ತಿದ್ದು ನಿಜ, ತಾಯಿ. ಆದರೆ ಇಲ್ಲಿ ಹೆಬ್ಬೆಟ್ಟು ಒತ್ತುವುದು ಮಾರಿದವನು. ಕೊಂಡವನಲ್ಲ."

ಸುಕ್ರಿ ಕೃಷ್ಣಾನಂದನ ಕಡೆ ತಿರುಗಿದಳು. ಅವನು ನೆಲ ನೋಡುತ್ತ ನಿಂತಿದ್ದ.

ಹರಿಹರ ಹೆಗಡೆ ಗೋಡೆ ಬಿಟ್ಟು ಮುಂದೆ ಬಂದ. "ನಾ ಬಂದು ಕೇಳ್ದಾಗೆಲ್ಲ ನಂಗೂ ಸಿಕ್ಕಿಲ್ಲ ಅಂದ್ಯಲ್ಲ, ಕೃಷ್ಣಾನಂದ. ಈಗಾದ್ರೂ ಇದ್ರ ಒಂದು ನಕಲು ಮಾಡ್ಕೊಡು."